ಬೋಯ್ಸಿ ಗ್ಯಾರೇಜಿನಲ್ಲಿ ಹಳೇ ಸಮ್ಮಿಟ್ ಸ್ನೋಮೊಬೈಲ್: ಬೆಲ್ಟ್ ಯಾಕೆ ಸುಡುತ್ತಿತ್ತು?

ಹಿಮದ ಮೇಲೆ ಓಡುವ ಹಳೇ ಸ್ನೋಮೊಬೈಲ್ ಒಂದನ್ನು ಕೊಂಡೆ. ಗಾಡಿ ಮಾರಿದವರು ಅದರ ಜೊತೆಗೆ ಮೂರು ಹಳೇ ಬೆಲ್ಟ್‌ಗಳನ್ನೂ ಕೊಟ್ಟರು, ಎಂಜಿನ್ ಶಕ್ತಿಯನ್ನು ಹಿಂದಕ್ಕೆ ದಾಟಿಸುವ ರಬ್ಬರ್ ಬೆಲ್ಟ್. ಇಟ್ಟುಕೊಳ್ಳಿ, ಬೇಕಾಗುತ್ತೆ ಅಂದರು. ಆಗ ಖುಷಿಯಾಗಿತ್ತು. ಮನೆಗೆ ಬಂದು ಗ್ಯಾರೇಜಿನ ದೀಪದ ಕೆಳಗೆ ಹಿಡಿದು ನೋಡಿದೆ. ಮೂರು ಬೆಲ್ಟ್‌ಗಳ ಪಕ್ಕಗಳೂ ಗಾಜಿನ ಹಾಗೆ ಹೊಳೆಯುತ್ತಿದ್ದವು. ಒಂದರಲ್ಲಿ ಒಂದೇ ಜಾಗ ಸುಟ್ಟು ಸೊಂಟದ ಹಾಗೆ ಸಣ್ಣಗಾಗಿತ್ತು.

ಸ್ನೋಮೊಬೈಲ್ ಬೆಲ್ಟ್ ಅಷ್ಟು ಬೇಗ ಸಾಯುವ ವಸ್ತು ಅಲ್ಲ. ಎಲ್ಲ ಸರಿಯಿದ್ದರೆ ಒಂದೇ ಬೆಲ್ಟಿನಲ್ಲಿ ಸೀಸನ್ ಪೂರ್ತಿ ಓಡಿಸಬಹುದು. ಮೂರು ಬೆಲ್ಟ್ ಹೀಗೆ ಹೋಗಿವೆ ಅಂದ್ರೆ ತೊಂದರೆ ಬೆಲ್ಟಿನದ್ದಲ್ಲ, ಗಾಡಿಯಲ್ಲಿ ಬೇರೆ ಎಲ್ಲೋ ಇದೆ. ಹೊಸ ಬೆಲ್ಟ್ ಹಾಕಿಕೊಂಡು ಬೆಟ್ಟಕ್ಕೆ ಹೋಗೋ ಮೊದಲು ಅದು ಎಲ್ಲಿದೆ ಅಂತ ಹುಡುಕಬೇಕಿತ್ತು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನನ್ನ ಶನಿವಾರಗಳು ಹೋಗಿದ್ದು ಅದಕ್ಕೇ. ಹಳೇ ಗಾಡಿ ಕೊಳ್ಳುವ ಯೋಚನೆ ನಿಮಗೂ ಇದ್ದರೆ ಉಪಯೋಗಕ್ಕೆ ಬರಲಿ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ನನ್ನ ಊರು ಮೈಸೂರು. ಈಗ ಇರೋದು ಅಮೆರಿಕದ ಐಡಹೊ ರಾಜ್ಯದ ಬೋಯ್ಸಿಯಲ್ಲಿ. ಊರು ಸಮುದ್ರ ಮಟ್ಟದಿಂದ ಸುಮಾರು 2,700 ಅಡಿ. ಇಲ್ಲಿಂದ ಹೈವೇ 55 ಹಿಡಿದು ಪೆಯೆಟ್ ನದಿಯ ಪಕ್ಕದಲ್ಲೇ ಉತ್ತರಕ್ಕೆ ಹೋದರೆ ಸುಮಾರು 100 ಮೈಲಿಗೆ ಮೆಕಾಲ್ ಸಿಗುತ್ತೆ. ಅದು ಸುಮಾರು 5,000 ಅಡಿ. ಅಲ್ಲಿಂದ ಮೇಲಕ್ಕೆ ಬೆಟ್ಟ, ಹಿಮ, ಪೈನ್ ಮರ ಬಿಟ್ಟರೆ ಏನೂ ಇಲ್ಲ. ಚಳಿಗಾಲದಲ್ಲಿ ಬರ್ಗ್‌ಡಾರ್ಫ್ ಬಿಸಿನೀರಿನ ಬುಗ್ಗೆಗೆ ಕಾರು ಹೋಗಲ್ಲ. ಪಾರ್ಕಿಂಗ್ ಜಾಗದಿಂದ 20 ಮೈಲಿಗಿಂತ ಜಾಸ್ತಿ ಸ್ನೋಮೊಬೈಲ್‌ನಲ್ಲೇ ಹೋಗಬೇಕು. ಆ ದಾರಿಯ ನಡುವೆ, ಸಂಜೆ ನಾಲ್ಕು ಗಂಟೆಗೆ, ಮೈನಸ್ 15 ಡಿಗ್ರಿಯಲ್ಲಿ ಬೆಲ್ಟ್ ಹರಿದರೆ ಏನು ಗತಿ ಅಂತ ಯೋಚಿಸಿ. ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದು ಅದಕ್ಕೆ.

ಗಾಡಿ 2012ರ ಸ್ಕೀ-ಡೂ ಸಮ್ಮಿಟ್. 800ಆರ್ ಇ-ಟೆಕ್ ಎಂಜಿನ್, ಎರಡು ಸಿಲಿಂಡರ್, ಟೂ-ಸ್ಟ್ರೋಕ್. ಟ್ರ್ಯಾಕ್, ಅಂದರೆ ಕೆಳಗೆ ಸುತ್ತುತ್ತಾ ಗಾಡಿಯನ್ನು ಹಿಮದ ಮೇಲೆ ತಳ್ಳುವ ರಬ್ಬರ್ ಪಟ್ಟಿ, 154 ಇಂಚು ಉದ್ದ, 16 ಇಂಚು ಅಗಲ. ಗುಲ್ಮಾರ್ಗ್‌ನಲ್ಲೋ ಸೋಲಾಂಗ್‌ನಲ್ಲೋ ಪ್ರವಾಸಿಗಳನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸ್ತಾರಲ್ಲ, ಅದೇ ಜಾತಿ. ಆದರೆ ಬೆಟ್ಟದ ಗಾಡಿ ಬೇರೆ ಥರ. ಟ್ರ್ಯಾಕ್ ಉದ್ದ ಜಾಸ್ತಿ. ಅದರ ಮೇಲಿನ ರಬ್ಬರ್ ಹಲ್ಲುಗಳು ಎರಡು ಇಂಚಿಗಿಂತ ಎತ್ತರ. ಮುಂದಿನ ಎರಡು ಸ್ಕೀಗಳ ನಡುವಿನ ಅಗಲ ಕಡಿಮೆ. ಸೊಂಟದಷ್ಟು ಪುಡಿ ಹಿಮದಲ್ಲಿ ಮುಳುಗದೆ ತೇಲಬೇಕು, ಇಳಿಜಾರಿನಲ್ಲಿ ಒಂದು ಪಕ್ಕಕ್ಕೆ ಓರೆಯಾಗಿ ಹೋಗಬೇಕು. ಅದಕ್ಕೇ ಈ ಆಕಾರ.

ಕೊಳ್ಳುವಾಗ ನೋಡಿದ್ದು

ಸೆಪ್ಟೆಂಬರ್‌ನಲ್ಲಿ ಕೊಂಡೆ. ಮೊದಲ ಹಿಮ ಬಿದ್ದ ಮೇಲೆ ಬೆಲೆ ಏರುತ್ತೆ. ಎಂಜಿನ್ ತಣ್ಣಗಿರಲಿ, ನಾನು ಬರೋ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ. ತಣ್ಣಗಿರುವಾಗ ಸ್ಟಾರ್ಟರ್ ಹಗ್ಗದ ಎಷ್ಟು ಎಳೆತಕ್ಕೆ ಹತ್ತುತ್ತೆ ಅನ್ನೋದೇ ಅರ್ಧ ಕಥೆ ಹೇಳುತ್ತೆ. ಮೂರನೇ ಎಳೆತಕ್ಕೆ ಹತ್ತಿತು.

ಈ ಗಾಡಿಗೆ ಮಾಮೂಲಿ ಕೀ ಇಲ್ಲ. ಹಗ್ಗದ ತುದಿಯಲ್ಲಿ ಗಾಡಿಗೆ ಸಿಕ್ಕಿಸುವ ಒಂದು ಟೋಪಿ ಇರುತ್ತೆ, ಒಳಗೆ ಚಿಪ್. ಇನ್ನೊಂದು ತುದಿ ನಮ್ಮ ಜಾಕೆಟ್‌ಗೆ. ನಾವು ಬಿದ್ದರೆ ಟೋಪಿ ಕಿತ್ತು ಬಂದು ಎಂಜಿನ್ ನಿಲ್ಲುತ್ತೆ. ಆ ಟೋಪಿ ಇಲ್ಲದಿದ್ದರೆ ಗಾಡಿ ಮುಂದಕ್ಕೆ ಹೋಗಲ್ಲ. ಹೊಸದು ತಂದರೂ ಡೀಲರ್ ಹತ್ತಿರ ಪ್ರೋಗ್ರಾಂ ಮಾಡಿಸಬೇಕು. ಹಾಗಾಗಿ ಎರಡೂ ಟೋಪಿ ಕೇಳಿ ಪಡೆಯಿರಿ. ನನಗೆ ಸಿಕ್ಕಿದ್ದು ಒಂದೇ. ಎರಡನೆಯದಕ್ಕೆ ಆಮೇಲೆ ದುಡ್ಡು ಕೊಟ್ಟೆ.

ಮುಂದಿನ ಸ್ಕೀಗಳನ್ನು ಹಿಡಿದಿರುವ ಎ-ಆರ್ಮ್‌ಗಳು ಬಾಗಿವೆಯಾ, ಹೊಸ ಪೇಂಟ್ ಹಚ್ಚಿದ್ದಾರಾ ಅಂತ ನೋಡಿದೆ. ಸ್ಕೀ ತುದಿ ಹಿಡಿದು ಅಲ್ಲಾಡಿಸಿದೆ. ಟ್ರ್ಯಾಕ್ ಮೇಲೆ ಮುಚ್ಚಿರುವ ಹಿಂದಿನ ಅಲ್ಯುಮಿನಿಯಂ ಟನಲ್‌ನ ಒಳಗೆ ತಲೆ ತೂರಿಸಿ ಬಿರುಕು ಹುಡುಕಿದೆ. ಸಣ್ಣಪುಟ್ಟ ಗೀರು ಬಿಟ್ಟರೆ ಏನೂ ಇರಲಿಲ್ಲ. ಮೀಟರ್ ಓಡಿದ್ದು ಕಡಿಮೆ ತೋರಿಸುತ್ತಿತ್ತು. ಅದನ್ನು ನಾನು ಜಾಸ್ತಿ ನಂಬಲಿಲ್ಲ. ಸೀಟಿನ ಅಂಚು, ಬ್ರೇಕ್ ಲಿವರ್, ಕಾಲಿಡುವ ಜಾಗದ ಸವೆತ, ಇವು ಮೀಟರ್‌ಗಿಂತ ಚೆನ್ನಾಗಿ ಹೇಳುತ್ತವೆ.

ಎಂಜಿನ್: ಯೆಜ್ಡಿ ಕಲಿಸಿದ್ದು

ಟೂ-ಸ್ಟ್ರೋಕ್ ಎಂಜಿನ್ ನನಗೆ ಹೊಸದಲ್ಲ. ಅಪ್ಪನ ಹತ್ತಿರ ಯೆಜ್ಡಿ ರೋಡ್‌ಕಿಂಗ್ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. 1960ರಿಂದ 1996ರವರೆಗೆ ನಡೆದ ಆ ಕಾರ್ಖಾನೆಯ ಗಾಡಿ ಇಲ್ಲದ ಬೀದಿ ನಮ್ಮ ಕಡೆ ಇರಲಿಲ್ಲ. ಪೆಟ್ರೋಲ್ ಬಂಕ್‌ನಲ್ಲಿ ಪೆಟ್ರೋಲ್ ಜೊತೆ ಟೂ-ಟಿ ಆಯಿಲ್ ಅಳತೆ ಮಾಡಿ ಹಾಕಿಸೋದು, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡೋದು, ಸೈಲೆನ್ಸರ್‌ನ ಕಾರ್ಬನ್ ತೆಗೆಯೋದು, ಇವನ್ನೆಲ್ಲ ಹತ್ತನೇ ಕ್ಲಾಸಿಗೆ ಮೊದಲೇ ಕಲಿತಿದ್ದೆ.

ಇ-ಟೆಕ್‌ನಲ್ಲಿ ಪೆಟ್ರೋಲ್‌ಗೆ ಆಯಿಲ್ ಬೆರೆಸೋದಿಲ್ಲ. ಆಯಿಲ್‌ಗೆ ಬೇರೆ ಟ್ಯಾಂಕ್, ಬೇರೆ ಪಂಪು. ಪೆಟ್ರೋಲ್ ಕೂಡ ಇಂಜೆಕ್ಟರ್‌ನಿಂದ ನೇರ ಸಿಲಿಂಡರ್ ಒಳಗೆ ಬೀಳುತ್ತೆ. ಕಾರ್ಬ್ಯುರೇಟರ್ ಇಲ್ಲ. ಹಳೇ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಬೆಟ್ಟ ಏರಿದಂತೆ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸಬೇಕಿತ್ತು. ಇದರಲ್ಲಿ ಸೆನ್ಸರ್‌ಗಳೇ ಸರಿ ಮಾಡಿಕೊಳ್ಳುತ್ತವೆ. ಆದರೆ ತೆಳು ಗಾಳಿಯಲ್ಲಿ ಕಳೆದುಹೋಗುವ ಶಕ್ತಿಯನ್ನು ಯಾವ ಸೆನ್ಸರೂ ವಾಪಸ್ ತರಲ್ಲ. ಪ್ರತಿ 1,000 ಅಡಿಗೆ ಸುಮಾರು 3 ಶೇಕಡ ಹೋಗುತ್ತೆ ಅಂತ ಲೆಕ್ಕ. 8,000 ಅಡಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಯ್ತು. ಕ್ಲಚ್ ಹೊಂದಿಸುವಾಗ ಈ ಲೆಕ್ಕ ಮತ್ತೆ ಬರುತ್ತೆ.

ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಒತ್ತಡ ಎಷ್ಟು ಏರುತ್ತೆ ಅಂತ ನೋಡಿದೆ. ಎರಡೂ ಪ್ಲಗ್ ಬಿಚ್ಚಿ, ಕಿಡಿ ಹಾರದಂತೆ ವೈರ್‌ಗಳನ್ನು ಅರ್ಥ್ ಮಾಡಿ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು, ಗೇಜಿನ ಮುಳ್ಳು ಏರೋದು ನಿಲ್ಲೋವರೆಗೂ ಹಗ್ಗ ಎಳೆದೆ. ಒಂದೊಂದು ಸಿಲಿಂಡರ್‌ಗೂ ಮೂರು ಸಲ. ಎರಡರ ನಡುವೆ 3 ಪಿಎಸ್‌ಐ ವ್ಯತ್ಯಾಸ ಬಂತು. ಗೇಜ್‌ನಿಂದ ಗೇಜ್‌ಗೆ, ಊರಿನ ಎತ್ತರಕ್ಕೆ ತಕ್ಕಂತೆ ಅಂಕಿ ಬದಲಾಗುತ್ತೆ. ಹಾಗಾಗಿ ಬರೀ ಅಂಕಿಗಿಂತ ಎರಡು ಸಿಲಿಂಡರ್ ಸಮ ಇವೆಯಾ ಅನ್ನೋದು ಮುಖ್ಯ. ಹತ್ತು ಶೇಕಡಕ್ಕಿಂತ ಜಾಸ್ತಿ ವ್ಯತ್ಯಾಸ ಬಂದಿದ್ದರೆ ಸಿಲಿಂಡರ್ ಬಿಚ್ಚುತ್ತಿದ್ದೆ. ಸಣ್ಣ ಬೋರ್‌ಸ್ಕೋಪ್ ಕ್ಯಾಮೆರಾ ಒಳಗೆ ಬಿಟ್ಟು ಗೋಡೆಗಳನ್ನೂ ನೋಡಿದೆ. ಉದ್ದನೆ ಗೀರು ಇರಲಿಲ್ಲ. ಹೋನ್ ಮಾಡಿದ, ಅಂದರೆ ಉಜ್ಜಿ ಮೂಡಿಸಿದ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಎಕ್ಸಾಸ್ಟ್ ಬಾಯಲ್ಲಿ ಇರುವ ರೇವ್ ವಾಲ್ವ್‌ಗಳನ್ನು ತೆಗೆದಾಗ ಕಪ್ಪು, ಅಂಟು ಅಂಟು ಕಾರ್ಬನ್. ಎಂಜಿನ್ ವೇಗಕ್ಕೆ ತಕ್ಕಂತೆ ಎಕ್ಸಾಸ್ಟ್ ದಾರಿಯ ಎತ್ತರ ಬದಲಿಸೋದು ಇವುಗಳ ಕೆಲಸ. ಕಾರ್ಬನ್ ಕಟ್ಟಿ ಸಿಕ್ಕಿಹಾಕಿಕೊಂಡರೆ ಎಳೆತ ಬಿದ್ದುಹೋಗುತ್ತೆ. ಕ್ಲೀನರ್‌ನಲ್ಲಿ ನೆನೆಸಿ, ಪ್ಲಾಸ್ಟಿಕ್ ಚೂರಿನಿಂದ ಕೆರೆದು, ಬಟ್ಟೆಯಲ್ಲಿ ಒರೆಸಿ ಹಾಕಿದೆ. ಕಬ್ಬಿಣದ ಬ್ರಷ್ ಮುಟ್ಟಿಸಬೇಡಿ, ಗೀರು ಬಿದ್ದರೆ ಕಾರ್ಬನ್ ಇನ್ನೂ ಬೇಗ ಹಿಡಿಯುತ್ತೆ.

ಹೊಸ ಪ್ಲಗ್ ಹಾಕುವಾಗ ಒಂದು ವಿಷಯ. ಈ ಎಂಜಿನ್‌ನಲ್ಲಿ ಪ್ಲಗ್ ಸುಮ್ನೆ ಬಿಗಿ ಮಾಡಿದರೆ ಸಾಲದು. ಒಳಗೆ ಅದರ ಬಾಯಿ ಯಾವ ಕಡೆ ತಿರುಗಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇಂಜೆಕ್ಟರ್ ಚಿಮುಕಿಸಿದ ಪೆಟ್ರೋಲ್ ಸರಿಯಾಗಿ ಹತ್ತಿಕೊಳ್ಳಬೇಕು. ಬಾಯಿ ಯಾವ ಕಡೆ ಇದೆ ಅಂತ ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಹೇಳಿದಷ್ಟು ಟಾರ್ಕ್‌ಗೆ ಬಿಗಿ ಮಾಡಿದ ಮೇಲೆ ಆ ಗೆರೆ ಮ್ಯಾನುಯಲ್ ತೋರಿಸಿದ ದಿಕ್ಕಿನೊಳಗೆ ಬಿದ್ದಿದೆಯಾ ನೋಡಿ. ಬೀಳದಿದ್ದರೆ ಇನ್ನೊಂದು ಪ್ಲಗ್ ಹಾಕಿ ನೋಡಿ. ನಾಲ್ಕು ತಂದಿದ್ದೆ, ಅದರಲ್ಲಿ ಎರಡು ಸರಿಯಾಗಿ ಕೂತವು.

ಎಂಜಿನ್ ಚೆನ್ನಾಗಿದೆ ಅಂತ ಗೊತ್ತಾಯ್ತು. ಹಾಗಾದರೆ ಬೆಲ್ಟ್ ಸುಡುತ್ತಿದ್ದದ್ದು ಯಾಕೆ?

ಅಪ್ಪನ ಕಿವಿ

ಸ್ನೋಮೊಬೈಲ್‌ಗೆ ಗೇರ್ ಇಲ್ಲ. ಆಕ್ಟಿವಾದಲ್ಲಿ ಇರೋ ಹಾಗೇ ಎರಡು ರಾಟೆ, ನಡುವೆ ಒಂದು ಬೆಲ್ಟ್. ಎಂಜಿನ್ ಕಡೆಯದ್ದು ಪ್ರೈಮರಿ ಕ್ಲಚ್, ಹಿಂದಿನದ್ದು ಸೆಕೆಂಡರಿ. ವೇಗ ಏರಿದಂತೆ ಒಂದು ಮುಚ್ಚಿಕೊಳ್ಳುತ್ತೆ, ಇನ್ನೊಂದು ತೆರೆದುಕೊಳ್ಳುತ್ತೆ. ಸೆಕೆಂಡರಿಯಿಂದ ಜ್ಯಾಕ್‌ಶಾಫ್ಟ್ ಅನ್ನೋ ದಂಡ ಗಾಡಿಯ ಇನ್ನೊಂದು ಪಕ್ಕಕ್ಕೆ ಹೋಗುತ್ತೆ. ಅಲ್ಲಿ ಚೈನ್‌ಕೇಸ್. ಚೈನ್ ಕೆಳಗಿನ ಡ್ರೈವ್‌ಶಾಫ್ಟ್ ತಿರುಗಿಸುತ್ತೆ, ಅದು ಟ್ರ್ಯಾಕ್ ಎಳೆಯುತ್ತೆ. ಬೆಲ್ಟ್ ಬಿಸಿಯಾಗಲು ಕಾರಣ ಈ ಸಾಲಿನಲ್ಲಿ ಎಲ್ಲಾದರೂ ಇರಬಹುದು.

ಬೆಲ್ಟ್ ತೆಗೆದು, ಗಾಡಿಯ ಹಿಂಭಾಗವನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಟ್ರ್ಯಾಕ್ ಅನ್ನು ಕೈಯಲ್ಲಿ ತಿರುಗಿಸಿದೆ. ಗರಗರ ಅಂತ ಏನೋ ಸದ್ದು. ಚೈನ್ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಮೈಸೂರಿನಿಂದ ಅಪ್ಪನ ವಿಡಿಯೊ ಕಾಲ್ ಬಂತು. ಅಲ್ಲಿ ಭಾನುವಾರ ಬೆಳಗ್ಗೆ. ಫೋನ್ ಹತ್ತಿರ ಹಿಡಿದು ಸದ್ದು ಕೇಳಿಸಿದೆ.

"ಇನ್ನೊಂದ್ಸಲ ತಿರುಗಿಸು ಮಗಾ" ಅಂದರು. ತಿರುಗಿಸಿದೆ.

"ಅದು ಚೈನ್ ಅಲ್ಲ ಕಣೋ. ಚೈನ್ ಆದ್ರೆ ಕಟಕಟ ಅನ್ನುತ್ತೆ. ಇದು ಬೇರಿಂಗ್. ಉದ್ದದ್ದೊಂದು ಸ್ಕ್ರೂಡ್ರೈವರ್ ತಗೊಂಡು ತುದಿ ಅಲ್ಲಿಡು, ಹಿಡಿಗೆ ಕಿವಿ ಕೊಡು. ಯಾವ್ದು ಅಂತ ಅದೇ ಹೇಳುತ್ತೆ."

ಹೆಂಡತಿ ಟ್ರ್ಯಾಕ್ ತಿರುಗಿಸಿದಳು, ನಾನು ಕಿವಿ ಕೊಟ್ಟೆ. ನೆನಪಿಡಿ, ಇದನ್ನು ಎಂಜಿನ್ ಆಫ್ ಇರುವಾಗ, ಕೈಯಲ್ಲಿ ತಿರುಗಿಸಿಯೇ ಮಾಡಬೇಕು. ಓಡುತ್ತಿರುವ ಕ್ಲಚ್ ಹತ್ತಿರ ತಲೆ ತರಲೇಬಾರದು. ಚೈನ್‌ಕೇಸ್ ಕಡೆ ನುಣ್ಣಗೆ ಹಿಸ್ ಅನ್ನೋ ಸದ್ದು. ಕೆಳಗಿನ ಡ್ರೈವ್‌ಶಾಫ್ಟ್ ಬೇರಿಂಗೂ ಹಾಗೇ. ಸೆಕೆಂಡರಿ ಕ್ಲಚ್ ಹಿಂದಿನ ಜ್ಯಾಕ್‌ಶಾಫ್ಟ್ ಬೇರಿಂಗ್‌ಗೆ ಇಟ್ಟ ತಕ್ಷಣ ಕಿವಿಯೊಳಗೆ ಮರಳು ಅರೆದ ಹಾಗೆ ಕೇಳಿಸಿತು.

ಒಂದೇ ಬೋಲ್ಟ್ ಬಿಚ್ಚಿದರೆ ಸೆಕೆಂಡರಿ ಹೊರಬರುತ್ತೆ. ಅದರ ಹಿಂದೆ ಮುಂದೆ ಇರುವ ವಾಷರ್‌ಗಳನ್ನು ಬಂದ ಕ್ರಮದಲ್ಲೇ ಒಂದು ವೈರ್‌ಗೆ ಪೋಣಿಸಿಟ್ಟೆ. ಫೋಟೊ ತೆಗೆದರೂ ಸಾಕು, ಆದರೆ ಪೋಣಿಸಿಟ್ಟರೆ ತಪ್ಪೋದೇ ಇಲ್ಲ. ಬೇರಿಂಗ್ ಹೊರಗೆ ಬಂದಾಗ ಅದರ ಸೀಲ್ ಪಕ್ಕದಿಂದ ತುಕ್ಕಿನ ಕೆಂಪು ನೀರು ಜಿನುಗಿತು. ಒಳಗಿನ ಗ್ರೀಸ್ ಎಲ್ಲ ಹೋಗಿ, ಗುಂಡುಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಬೆರಳಿನಲ್ಲಿ ತಿರುಗಿಸಿದರೆ ಕಚ್ಚಿ ಕಚ್ಚಿ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಗಾಡಿಯನ್ನು ಹೊರಗೆ ಬಿಟ್ಟಿದ್ದಾರೆ, ಪ್ರೆಶರ್ ಪೈಪಿನಿಂದ ನೇರ ಅಲ್ಲಿಗೇ ನೀರು ಹೊಡೆದು ತೊಳೆದಿದ್ದಾರೆ ಅನ್ನೋದು ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. ಹಳೇ ಬೇರಿಂಗ್ ಮೇಲೆ ಕೆತ್ತಿದ ನಂಬರ್ ತೋರಿಸಿ ಬೇರಿಂಗ್ ಅಂಗಡಿಯಿಂದ ಹೊಸದು ತಂದೆ. ಡ್ರೈವ್‌ಶಾಫ್ಟ್‌ನ ಎಡಗಡೆಯದ್ದನ್ನೂ ಬದಲಿಸಿಬಿಟ್ಟೆ, ಅದೂ ನೀರು ಕುಡಿಯುವ ಜಾಗವೇ.

ಹೊಸ ಬೇರಿಂಗ್‌ಗಳಲ್ಲಿ ಕಾರ್ಖಾನೆಯವರು ಹಾಕಿದ ಗ್ರೀಸ್ ತೀರಾ ಕಡಿಮೆ ಇರುತ್ತೆ. ಸಣ್ಣ ಮೊನೆಯಿಂದ ಸೀಲ್ ಮೆಲ್ಲಗೆ ಎಬ್ಬಿಸಿ, ನೀರಿಗೆ ಕರಗದ, ಚಳಿಗೆ ಗಟ್ಟಿಯಾಗದ ಗ್ರೀಸ್ ಇನ್ನಷ್ಟು ತುಂಬಿ ಮತ್ತೆ ಸೀಲ್ ಒತ್ತಿದೆ. ಒಂದು ಬೇರಿಂಗ್‌ಗೆ ಎರಡು ನಿಮಿಷದ ಕೆಲಸ. ಹಿಂದಿನ ಸಸ್ಪೆನ್ಶನ್ ಪೂರ್ತಿ ಕೆಳಗಿಳಿಸಿದಾಗ ಅದರ ಚಿಕ್ಕ ಚಕ್ರಗಳ ಬೇರಿಂಗ್‌ಗಳಿಗೂ ಇದನ್ನೇ ಮಾಡಿದೆ.

ಚೈನ್‌ಕೇಸ್‌ನ ಆಯಿಲ್ ಕಪ್ಪಾಗಿತ್ತು. ಆದರೆ ಲೋಹದ ಚೂರು ಇರಲಿಲ್ಲ. ಹೊಸ ಆಯಿಲ್ ಹಾಕಿ ಮುಚ್ಚಿದೆ.

ಅಸಲಿ ಕಾರಣ

ಬೇರಿಂಗ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನಗೆ ಪೂರ್ತಿ ಸಮಾಧಾನ ಆಗಲಿಲ್ಲ. ಬೇರಿಂಗ್ ಹಾಳಾಗಿದ್ದರೆ ಬೆಲ್ಟ್ ಸ್ವಲ್ಪ ಓರೆಯಾಗಿ ಓಡುತ್ತೆ, ಒಂದು ಅಂಚು ಸವೆಯುತ್ತೆ. ಇಲ್ಲಿ ಎರಡೂ ಪಕ್ಕ ಹೊಳೆಯುತ್ತಿತ್ತು. ಅಂದ್ರೆ ಬೆಲ್ಟ್ ಜಾರುತ್ತಿತ್ತು.

ಒಂದು ಮರದ ಹಿಡಿಯನ್ನು ಎಂಜಿನ್ ಮತ್ತು ಚೌಕಟ್ಟಿನ ನಡುವೆ ಇಟ್ಟು ಮೆಲ್ಲಗೆ ಮೀಟಿದೆ. ಬಲಗಡೆ ಎಂಜಿನ್ ಜಗ್ಗಲಿಲ್ಲ. ಎಡಗಡೆ, ಕ್ಲಚ್ ಪಕ್ಕ, ಕಣ್ಣಿಗೆ ಕಾಣುವಷ್ಟು ಹಿಂದಕ್ಕೆ ಸರಿಯಿತು. ಟಾರ್ಚ್ ಹಾಕಿ ನೋಡಿದರೆ ಎಂಜಿನ್ ಕೂರುವ ರಬ್ಬರ್ ಮೌಂಟ್ ಅರ್ಧ ಸೀಳಿತ್ತು. ಹಿಂದಿನಿಂದ ಸೀಳಿದ್ದರಿಂದ ಎಂಜಿನ್ ಸುಮ್ಮನೆ ನಿಂತಿದ್ದಾಗ ಕಾಣುತ್ತಿರಲಿಲ್ಲ. ಥ್ರಾಟಲ್ ಕೊಟ್ಟಾಗ ಬೆಲ್ಟ್ ಪ್ರೈಮರಿಯನ್ನು ತನ್ನ ಕಡೆಗೆ ಎಳೆಯುತ್ತೆ. ರಬ್ಬರ್ ಗಟ್ಟಿ ಇಲ್ಲದಿದ್ದರೆ ಎಂಜಿನ್ನೇ ಹಿಂದಕ್ಕೆ ಬರುತ್ತೆ. ಎರಡು ಕ್ಲಚ್ ಹತ್ತಿರವಾಗಿ ಬೆಲ್ಟ್ ಸಡಿಲ ಆಗುತ್ತೆ, ಮೇಲಿಂದ ಓರೆಯೂ ಆಗುತ್ತೆ. ಜಾರುತ್ತೆ, ಬಿಸಿಯಾಗುತ್ತೆ, ಹೊಳಪು ಹಿಡಿಯುತ್ತೆ. ಜಾಸ್ತಿ ಹೊಳಪು ಬಂದಷ್ಟೂ ಇನ್ನೂ ಜಾರುತ್ತೆ. ಮೂರು ಬೆಲ್ಟ್ ಹೋಗಿದ್ದು ಹೀಗೆ.

ಮರದ ತುಂಡುಗಳ ಮೇಲೆ ಎಂಜಿನ್ ಭಾರ ಕೂರಿಸಿ ಮೌಂಟ್ ಬದಲಿಸಿದೆ. ಎಡಗಡೆಯದ್ದು ಒಂದೇ ಹೋಗಿದ್ದರೂ ಎಲ್ಲ ಮೌಂಟ್ ಹೊಸದು ಹಾಕಿದೆ. ಎಲ್ಲಕ್ಕೂ ಒಂದೇ ವಯಸ್ಸು ಅಲ್ವಾ. ಆಮೇಲೆ ಅಲೈನ್‌ಮೆಂಟ್ ಬಾರ್ ಇಟ್ಟು ಎರಡು ಕ್ಲಚ್ ನೇರ ಇವೆಯಾ ನೋಡಿ, ಬೋಲ್ಟ್‌ಗಳನ್ನು ಟಾರ್ಕ್ ಮಾಡಿದೆ.

ಸುಟ್ಟು ಸಣ್ಣಗಾಗಿದ್ದ ಆ ಒಂದು ಬೆಲ್ಟಿನ ಕಾರಣ ಮಾತ್ರ ಬೇರೆ. ಟ್ರ್ಯಾಕ್ ಹಿಮಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತೆ. ಆಗ ಥ್ರಾಟಲ್ ಒತ್ತಿದರೆ ಬೆಲ್ಟ್ ನಿಂತಲ್ಲೇ ನಿಂತಿರುತ್ತೆ, ಪ್ರೈಮರಿ ಮಾತ್ರ ಅದನ್ನು ಉಜ್ಜುತ್ತಾ ತಿರುಗುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡೋ ಮೊದಲು ಗಾಡಿಯ ಹಿಂಭಾಗ ಎತ್ತಿ ಒಂದು ಸಲ ಕುಕ್ಕಿ. ಸ್ಕೀಗಳನ್ನೂ ಅಲ್ಲಾಡಿಸಿ ಬಿಡಿಸಿ. ಅಷ್ಟು ಸಾಕು.

ಕ್ಲಚ್‌ಗಳ ಮುಖಗಳನ್ನು ಒರಟು ಸ್ಕ್ರಬ್ ಪ್ಯಾಡ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದೆ. ಬಿಳಿ ಬಟ್ಟೆ ಕಪ್ಪಾಗೋದು ನಿಲ್ಲೋವರೆಗೂ. ಹೊಸ ಬೆಲ್ಟನ್ನು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಒಣಗಿಸಿದೆ. ಹಾಕಿದ ಮೇಲೆ ಬೆಲ್ಟಿನ ಮೇಲ್ಮೈ ಸೆಕೆಂಡರಿಯ ಅಂಚಿಗೆ ಹೆಚ್ಚುಕಡಿಮೆ ಸಮ ಬರೋ ಹಾಗೆ ಹೊಂದಿಸಿದೆ. ಒಳಗೆ ಮುಳುಗಿದ್ದರೆ ಸಡಿಲ. ತೀರಾ ಮೇಲಿದ್ದರೆ ಬಿಗಿ, ಐಡ್ಲಿಂಗ್‌ನಲ್ಲೇ ಗಾಡಿ ಮುಂದೆ ತೆವಳುತ್ತೆ. ಹೊಸ ಬೆಲ್ಟ್‌ಗೆ ಮೊದಲ 50 ಕಿಲೋಮೀಟರ್ ಪೂರ್ತಿ ಥ್ರಾಟಲ್ ಕೊಡಬಾರದು.

ಇನ್ನೊಂದು ಬೆಲ್ಟ್ ಗಾಡಿಯಲ್ಲೇ ಇದೆ. ದಪ್ಪ ಗ್ಲೌಸ್ ಹಾಕಿಕೊಂಡೇ ಬೆಲ್ಟ್ ಬದಲಿಸೋದನ್ನು ಗ್ಯಾರೇಜಿನಲ್ಲಿ ಐದಾರು ಸಲ ಅಭ್ಯಾಸ ಮಾಡಿದೆ. ದಯವಿಟ್ಟು ನೀವೂ ಮಾಡಿ.

ಟ್ರ್ಯಾಕ್, ಸ್ಲೈಡರ್, ಸಸ್ಪೆನ್ಶನ್

ಟ್ರ್ಯಾಕ್‌ನ ಒಳಗೆ ಓಡುವ ಪ್ಲಾಸ್ಟಿಕ್ ಸ್ಲೈಡರ್‌ಗಳು ಸವೆತದ ಗೆರೆ ತಲುಪಿದ್ದವು, ಬದಲಿಸಿದೆ. ಮುಂದೆ ಬೋಲ್ಟ್ ತೆಗೆದು ಹಳೇದನ್ನು ಹೊಡೆದು ಜಾರಿಸೋದು, ಹೊಸದಕ್ಕೆ ಸೋಪು ನೀರು ಹಚ್ಚಿ ತೂರಿಸೋದು. ಈ ಸ್ಲೈಡರ್ ತಣ್ಣಗಿರೋದು ಹಿಮದಿಂದಲೇ. ಕೂಲಂಟ್ ತಣ್ಣಗಾಗೋದೂ ಟ್ರ್ಯಾಕ್ ಎರಚಿದ ಹಿಮ ಟನಲ್‌ಗೆ ಬಡಿದೇ. ಗಟ್ಟಿ ಐಸ್ ದಾರಿಯಲ್ಲಿ ಹಿಮ ಏಳಲ್ಲ, ಎರಡೂ ಬಿಸಿಯಾಗುತ್ತವೆ. ಅದಕ್ಕೇ ಸ್ಲೈಡರ್ ಕೂರುವ ಹಳಿಗಳಿಗೆ ಎರಡು ಸ್ಪ್ರಿಂಗ್ ಕಡ್ಡಿ, ಅಂದರೆ ಐಸ್ ಸ್ಕ್ರ್ಯಾಚರ್ ಹಾಕಿದೆ. ಇಳಿಬಿಟ್ಟರೆ ಐಸ್ ಕೆರೆದು ಪುಡಿ ಎಬ್ಬಿಸುತ್ತವೆ. ಪಾರ್ಕಿಂಗ್‌ನಿಂದ ಬೆಟ್ಟದ ಬುಡದವರೆಗೆ ಹಿಮ ಸಮ ಮಾಡುವ ಯಂತ್ರ ತಟ್ಟಿ ಗಟ್ಟಿ ಮಾಡಿದ ದಾರಿ ಇರುತ್ತಲ್ಲ, ಅಲ್ಲಿ ಇದು ಬೇಕೇ ಬೇಕು.

ಟ್ರ್ಯಾಕ್ ಬಿಗಿ ನೋಡಲು ಮಧ್ಯದಲ್ಲಿ 7.3 ಕಿಲೊ ಭಾರ ತೂಗು ಹಾಕಿ, ಸ್ಲೈಡರ್ ಮತ್ತು ಟ್ರ್ಯಾಕ್ ನಡುವಿನ ಸಂದು ಅಳೆದೆ. 3 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇಟ್ಟಿದ್ದೇನೆ. ನಿಮ್ಮ ಮಾಡೆಲ್‌ನ ಅಳತೆ ಮ್ಯಾನುಯಲ್‌ನಲ್ಲಿ ನೋಡಿ. ಆಮೇಲೆ ಎತ್ತಿದ ಗಾಡಿಯಲ್ಲಿ ಟ್ರ್ಯಾಕ್ ಅನ್ನು ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಎರಡೂ ಪಕ್ಕ ಸಮ ಇದೆಯಾ ಅಂತ ನೋಡಬೇಕು. ಓಡುವಾಗ ಹಿಂದೆ ಯಾರೂ ನಿಲ್ಲಬಾರದು, ಮಕ್ಕಳಂತೂ ಗ್ಯಾರೇಜಿನಲ್ಲೇ ಇರಬಾರದು. ಒಂದು ಕಲ್ಲು ಸಿಕ್ಕಿದ್ದರೆ ಗುಂಡಿನ ಹಾಗೆ ಹಾರುತ್ತೆ.

ಸಸ್ಪೆನ್ಶನ್‌ನಲ್ಲಿ ನಾನು ಮುಟ್ಟಿದ್ದು ಒಂದೇ, ಲಿಮಿಟರ್ ಪಟ್ಟಿ. ಹಿಂದಿನ ಸಸ್ಪೆನ್ಶನ್‌ನ ಮುಂಭಾಗ ಎಷ್ಟು ಕೆಳಗಿಳಿಯಬಹುದು ಅಂತ ಅದು ಹಿಡಿದಿಡುತ್ತೆ. ಹಿಂದಿನವರು ಅದನ್ನು ಪೂರ್ತಿ ಉದ್ದ ಬಿಟ್ಟಿದ್ದರು. ಹಾಗಿದ್ದರೆ ಕಡಿದಾದ ಏರಿನಲ್ಲಿ ಮುಂಭಾಗ ಎದ್ದುಬಿಡುತ್ತೆ, ಸ್ಕೀ ಹಿಮ ಮುಟ್ಟಲ್ಲ, ತಿರುಗಿಸಲು ಆಗಲ್ಲ. ಪಟ್ಟಿಯನ್ನು ಒಂದು ತೂತಿನಷ್ಟು ಚಿಕ್ಕದು ಮಾಡಿದೆ. ನಾನು ಐದೂವರೆ ಅಡಿ ಎತ್ತರ. ಹ್ಯಾಂಡಲ್ ನನಗೆ ಮೇಲಾಗಿತ್ತು, ಇಳಿಸಿದೆ. ಬೆಟ್ಟದಲ್ಲಿ ನಿಂತೇ ಓಡಿಸಬೇಕು. ನಿಂತಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಬೆನ್ನು ಬಾಗಬಾರದು. ಗ್ಯಾರೇಜಿನಲ್ಲಿ ಬೂಟು, ಜಾಕೆಟ್, ಹೆಲ್ಮೆಟ್ ಎಲ್ಲ ಹಾಕಿಕೊಂಡು ಗಾಡಿ ಮೇಲೆ ನಿಂತು ಹೊಂದಿಸಿಕೊಂಡೆ.

ಡಿಸೆಂಬರ್, ಮೆಕಾಲ್

ರಾಜ್ಯದ ಪಾರ್ಕ್ಸ್ ಇಲಾಖೆಯ ಸ್ಟಿಕ್ಕರ್ ಅಂಟಿಸಿ, ಗಾಡಿಯನ್ನು ಟ್ರೇಲರ್ ಮೇಲೆ ಕಟ್ಟಿ, ಕತ್ತಲಲ್ಲೇ ಬೋಯ್ಸಿ ಬಿಟ್ಟೆವು. ಜೊತೆಗೆ ಇಲ್ಲೇ ಹುಟ್ಟಿ ಬೆಳೆದ ಒಬ್ಬ ಸಹೋದ್ಯೋಗಿ ಇದ್ದರು. ಒಬ್ಬರೇ ಹೋಗಬೇಡಿ. ಇಬ್ಬರ ಎದೆಗೂ ಬೀಕನ್ ಇತ್ತು, ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಲು ಸಿಗ್ನಲ್ ಕೊಡುವಂಥದ್ದು. ಬೆನ್ನಿಗೆ ಸಲಿಕೆ ಮತ್ತು ಪ್ರೋಬ್, ಅಂದರೆ ಹಿಮದೊಳಗೆ ಚುಚ್ಚಿ ನೋಡುವ ಉದ್ದನೆ ಕಡ್ಡಿ. ಹಿಮಕುಸಿತದ ಬಗ್ಗೆ ಪೆಯೆಟ್ ಅವಲಾಂಚ್ ಸೆಂಟರ್‌ನವರು ಏನು ಹೇಳಿದ್ದಾರೆ ಅಂತ ಬೆಳಗ್ಗೆ ಓದಿಯೇ ಹೊರಟಿದ್ದು. ಕಡಿದಾದ ಬಯಲು ಇಳಿಜಾರುಗಳಿಂದ ದೂರ ಇರಿ ಅಂತಿತ್ತು. ಹಾಗಾಗಿ ಆ ದಿನ ಮರಗಳ ನಡುವಿನ ಸಣ್ಣ ಏರುಗಳಷ್ಟೇ.

ಮೊದಲ 50 ಕಿಲೋಮೀಟರ್ ಬೆಲ್ಟ್ ಪಳಗಿಸಲು ಹೋಯಿತು. ಮಧ್ಯೆ ಮೂರು ಸಲ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಾನೆಟ್ ತೆಗೆದು ಸೆಕೆಂಡರಿ ಮುಟ್ಟಿ ನೋಡಿದೆ. ಕೈ ಇಟ್ಟುಕೊಳ್ಳುವಷ್ಟೇ ಬಿಸಿ. ಮುಟ್ಟಲು ಆಗದಷ್ಟು ಬಿಸಿಯಾಗಿದ್ದರೆ ಬೆಲ್ಟ್ ಇನ್ನೂ ಜಾರುತ್ತಿದೆ ಅಂತ ಅರ್ಥ.

ತಿರುವಿನಲ್ಲಿ ಹಿಂದಕ್ಕೆ ಬರಬೇಕಾಯ್ತು. ಬಟನ್ ಒತ್ತಿದೆ. ಎಂಜಿನ್ ನಿಲ್ಲುವಷ್ಟು ನಿಧಾನವಾಗಿ, ಇನ್ನೇನು ನಿಂತಿತು ಅನ್ನುವಾಗ ಸರಿಯಾದ ಕ್ಷಣಕ್ಕೆ ಕಿಡಿ ಕೊಟ್ಟು, ಅದೇ ಎಂಜಿನ್ ಉಲ್ಟಾ ತಿರುಗಲು ಶುರುಮಾಡುತ್ತೆ. ರಿವರ್ಸ್ ಗೇರೇ ಇಲ್ಲ. ಟೂ-ಸ್ಟ್ರೋಕ್‌ಗೆ ಯಾವ ಕಡೆ ತಿರುಗಿದರೂ ಒಂದೇ. ಅಪ್ಪನ ಯೆಜ್ಡಿ ಟೈಮಿಂಗ್ ತಪ್ಪಿದಾಗ ಕಿಕ್ ವಾಪಸ್ ಹೊಡೆದು ಉಲ್ಟಾ ಸ್ಟಾರ್ಟ್ ಆಗಿದ್ದನ್ನು ನೋಡಿದ್ದೇನೆ. ಅಲ್ಲಿ ಅದು ರೋಗವಾಗಿತ್ತು, ಇಲ್ಲಿ ಅದನ್ನೇ ಕೆಲಸಕ್ಕೆ ಹಚ್ಚಿದ್ದಾರೆ. ಎಂಥ ಚಂದದ ಯೋಚನೆ!

ಮಧ್ಯಾಹ್ನ, ಸುಮಾರು 7,000 ಅಡಿ ಎತ್ತರದಲ್ಲಿ ಒಂದು ಉದ್ದನೆ ಏರು ಸಿಕ್ಕಿತು. ಅಲ್ಲಿ ಪೂರ್ತಿ ಥ್ರಾಟಲ್ ಕೊಟ್ಟೆ. ಈ ಎಂಜಿನ್ ಪೂರ್ತಿ ಶಕ್ತಿ ಕೊಡೋದು ಸುಮಾರು 7,900 ಆರ್‌ಪಿಎಂನಲ್ಲಿ. ನನ್ನ ಮೀಟರ್ 7,600 ದಾಟಲಿಲ್ಲ. ಗಾಡಿಗೂ ಏನೋ ಒಂದು ಸಣ್ಣ ನಡುಕ.

ಪ್ರೈಮರಿ ಕ್ಲಚ್‌ನ ಹೊರಮುಖದಲ್ಲಿ ಮೂರು ಸ್ಕ್ರೂಗಳಿವೆ. ಒಂದೊಂದಕ್ಕೂ 1ರಿಂದ 6ರವರೆಗೆ ನಂಬರ್. ಇವನ್ನೇ ಇಲ್ಲಿಯವರು ಕ್ಲಿಕರ್ ಅಂತಾರೆ. ಒಂದು ನಂಬರ್ ಏರಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತೆ, ಇಳಿಸಿದರೆ ಅಷ್ಟೇ ಇಳಿಯುತ್ತೆ. ಎತ್ತರದಲ್ಲಿ ಎಂಜಿನ್‌ಗೆ ಶಕ್ತಿ ಕಡಿಮೆ, ಅದೇ ಭಾರ ಎಳೆಯಲು ಆಗದೆ ಆರ್‌ಪಿಎಂ ಬೀಳುತ್ತೆ. ಹಾಗಾಗಿ ಮೇಲೆ ಹೋದಂತೆ ನಂಬರ್ ಏರಿಸಬೇಕು, ತಗ್ಗಿಗೆ ಬಂದಾಗ ಇಳಿಸಬೇಕು. ಮೂರೂ ಒಂದೇ ನಂಬರ್‌ನಲ್ಲಿ ಇರಲೇಬೇಕು.

ಬಾನೆಟ್ ತೆಗೆದು ಬಗ್ಗಿ ನೋಡಿದೆ. ಎರಡು ಸ್ಕ್ರೂ 3ರಲ್ಲಿ, ಒಂದು 4ರಲ್ಲಿ. ಗ್ಯಾರೇಜಿನಲ್ಲಿ ಕ್ಲಚ್ ಉಜ್ಜುವಾಗ ನಂಬರ್ ಮೇಲಿನ ಕೊಳೆ ಪೂರ್ತಿ ಹೋಗಿರಲಿಲ್ಲ, ಕಣ್ಣಿಗೆ ಬಿದ್ದಿರಲಿಲ್ಲ. ಆ ಸ್ಕ್ರೂಗಳು ಹೊಂದಿಸುವ ಕ್ಲಚ್‌ನ ಮೂರು ತೋಳುಗಳಲ್ಲಿ ಒಂದು ಬೇರೆ ಲೆಕ್ಕದಲ್ಲಿ ಒತ್ತುತ್ತಿತ್ತು. ನಡುಕ ಅದರದ್ದೇ.

ಗ್ಲೌಸ್ ತೆಗೆದೆ. ನಟ್ ಸಡಿಲ ಮಾಡಿ, ಸ್ಕ್ರೂವನ್ನು ಕಚ್ಚಿನಿಂದ ಬಿಡುವಷ್ಟು ಮಾತ್ರ ಹೊರಗೆ ಎಳೆದು, ತಿರುಗಿಸಿ, ಮತ್ತೆ ಕೂರಿಸಬೇಕು. ಪೂರ್ತಿ ಎಳೆದರೆ ಒಳಗಿನ ವಾಷರ್ ಕ್ಲಚ್‌ನೊಳಗೆ ಬಿದ್ದುಹೋಗುತ್ತೆ, ಆಮೇಲೆ ಅಲ್ಲೇ ಕ್ಲಚ್ ಬಿಚ್ಚುವ ಹಾಗಿಲ್ಲ. ಬೆರಳು ಮರಗಟ್ಟಿದಾಗ ಎಷ್ಟು ಎಳೆದೆ ಅಂತ ಗೊತ್ತಾಗಲ್ಲ. ಹಾಗಾಗಿ ಒಂದೊಂದು ಸ್ಕ್ರೂ ಆದ ಮೇಲೂ ಕೈಯನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಮುಂದಿನದಕ್ಕೆ ಹೋದೆ. ಮೂರನ್ನೂ 4ಕ್ಕೆ ತಂದೆ. ಅದೇ ಏರು, ಅದೇ ಥ್ರಾಟಲ್: 7,750. ನಡುಕ ಹೋಗಿತ್ತು. ಇನ್ನೊಂದು ನಂಬರ್ ಏರಿಸಿ 5 ಮಾಡಿದೆ. ಈ ಸಲ 7,900 ಮುಟ್ಟಿ ಅಲ್ಲೇ ನಿಂತಿತು.

ಮೇಲೆ ಹೋಗಿ ಗಾಡಿ ನಿಲ್ಲಿಸಿ ಬೆಲ್ಟ್ ತೆಗೆದು ನೋಡಿದೆ. ಪಕ್ಕಗಳು ಕಪ್ಪಗೆ, ಮಂಕಾಗಿ, ಹೊಸದರ ಹಾಗೇ ಇದ್ದವು. ಹೊಳಪು ಎಲ್ಲೂ ಇರಲಿಲ್ಲ. ಆ ಎತ್ತರದಲ್ಲಿ ಸಿಗ್ನಲ್ ಇರಲಿಲ್ಲ. ಸಂಜೆ ಮೆಕಾಲ್‌ಗೆ ಇಳಿದ ಮೇಲೆ ಅಪ್ಪನಿಗೆ ಬೆಲ್ಟಿನ ಫೋಟೊ ಕಳಿಸಿದೆ. "ಬೇರಿಂಗ್ ಸದ್ದು ಹೋಯ್ತಾ?" ಅಂತ ಕೇಳಿದರು. ಹೋಯ್ತು ಅಂದೆ. "ಸರಿ, ಮುಂದಿನ ವಾರ ಸ್ಟಾರ್ಟ್ ಮಾಡ್ದಾಗ ಇನ್ನೊಂದ್ಸಲ ಕೇಳಿಸು" ಅಂದರು.